ಒಂದೇ ದಿನದ ಸಮುದ್ರ

"ಏ, ಈ ಭಾನುವಾರ ಸಮುದ್ರಕ್ಕೆ ಹೋಗೋಣ ಕಣೆ. ಬೆಳಿಗ್ಗೆ ಹೊರಟು ರಾತ್ರಿ ವಾಪಸ್."

"ಬೆಂಗಳೂರಿಗೆ ಸಮುದ್ರ ಯಾವಾಗ ಬಂತು ರೀ?"

"ಮಂಗಳೂರಿಗೆ ಬರೀ 350 ಕಿಲೋಮೀಟರ್. ಮ್ಯಾಪಿನಲ್ಲಿ ಏಳು ಗಂಟೆ ತೋರಿಸ್ತಿದೆ."

"ಹೋಗೋಕೆ ಏಳು, ಬರೋಕೆ ಏಳು. ಶಿರಾಡಿ ಘಾಟಿಯ ಲಾರಿಗಳಿಗೆ ನಿಮ್ಮ ಮ್ಯಾಪಿನ ಪರಿಚಯ ಇದೆಯಾ?"

"ಬೆಳಗಿನ ಜಾವ ಮೂರಕ್ಕೇ ಹೊರಟರೆ..."

"ಮೂರಕ್ಕೆ ಏಳೋರಂತೆ! ಒಂಬತ್ತೂವರೆ ಮೀಟಿಂಗಿಗೇ ಕ್ಯಾಮೆರಾ ಆಫ್ ಮಾಡಿ ಹಾಸಿಗೆಯಲ್ಲಿರೋರು."

(ಪತಿರಾಯರು ಈ ಮಾತನ್ನು ಮ್ಯೂಟ್ ಮಾಡಿದರು. ಅಭ್ಯಾಸವಿದೆ.)

"ಪಡುಬಿದ್ರಿಗೇ ಹೋಗೋಣ ಹಾಗಾದ್ರೆ. 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕ ಬೀಚು. ಎಷ್ಟು ಸ್ವಚ್ಛ ಗೊತ್ತಾ?"

"ನಿಮ್ಮ ತಮ್ಮ ಚಿಪ್ಸ್ ಪ್ಯಾಕೆಟ್ ಹಿಡಿದು ಕಾರಿನಿಂದ ಇಳಿಯೋ ತನಕ ಸ್ವಚ್ಛವೇ. ಅಲ್ಲ, ಇದು ಜುಲೈ. ಆ ಅಲೆ ನೋಡಿ ನೀರಿಗೆ ಇಳೀತೀರಾ?"

"ಇಳಿಯೋದು ಯಾರಿಗೆ ಬೇಕು? ಸೆಲ್ಫಿಗೆ ದಡ ಸಾಕು."

"ಸೆಲ್ಫಿಗೆ ಏಳುನೂರು ಕಿಲೋಮೀಟರ್ ಪೆಟ್ರೋಲು!"

"ತಾಜಾ ಮೀನೂಟ ಇರುತ್ತಲ್ಲ, ಅಂಜಲ್ ಫ್ರೈ?"

"ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯೋ ಹಾಗಿಲ್ಲ. ಮೀನುಗಳಿಗೇ 61 ದಿನ ರಜೆ ಇದೆ ರೀ. ನಿಮಗೆ ಮಾತ್ರ ಒಂದು ಭಾನುವಾರ."

ಪತಿರಾಯರು ನಿಟ್ಟುಸಿರಿಟ್ಟರು. ಅಂಜಲ್ ಹೋದ ಮೇಲೆ ಅರಬ್ಬಿ ಸಮುದ್ರದಲ್ಲಿ ಬರೀ ಉಪ್ಪುನೀರು ಉಳಿದಿತ್ತು.

"ಸೋಮವಾರ ಆಫೀಸಲ್ಲಿ, ವೀಕೆಂಡ್ ಏನು ಮಾಡಿದ್ರಿ ಅಂತ ಎಲ್ಲರೂ ಕೇಳ್ತಾರೆ. ಏನು ಹೇಳ್ಲಿ?"

"ನೆಲಮಂಗಲ ಟೋಲಲ್ಲಿ ಕಾದು ನಿಂತಿದ್ದೆ ಅನ್ನಿ. ಹೋಗಿಬಂದಿದ್ರೂ ಅದನ್ನೇ ತಾನೇ ಹೇಳ್ತಿದ್ದದ್ದು?"

"ಹಾಗಾದ್ರೆ ಫೋಟೋ?"

"ನಮ್ಮ ಲೇಔಟಿನ ರಸ್ತೆಗೆ ಬನ್ನಿ. ಮಳೆ ಬಂದಿದೆ, ಮೊಣಕಾಲುದ್ದ ನೀರಿದೆ. ಟೋಲೂ ಇಲ್ಲ."