ದಂಬೆಗೆ ಮದ್ದು ಬಿಟ್ಟದ್ದು

ಮಳೆಗಾಲದಲ್ಲಿ ನಿಮ್ಮ ಮನೆಯ ಸೂರಿನ ನೀರು ಎಲ್ಲಿ ಬೀಳುತ್ತದೆ? ಬೀಳಬೇಕಾದ ಜಾಗ ಕೇಳುತ್ತಿಲ್ಲ ಮಾರಾಯ್ರೆ, ನಿಜವಾಗಿ ಬೀಳುವ ಜಾಗ. ನಮ್ಮಲ್ಲಿ ಅದು ಸರಿಯಾಗಿ ಜಗಲಿ ಮೆಟ್ಟಿಲಿನ ಮೇಲೆ, ನೆಂಟರು ಕೊಡೆ ಮಡಚುವ ಕ್ಷಣ ನೋಡಿಕೊಂಡು ಅವರ ನೆತ್ತಿಗೇ ಬೀಳುತ್ತದೆ. ದಂಬೆಯ ಉಳಿದ ಉದ್ದಕ್ಕೆ ಹನಿ ಪಸೆಯೂ ಇರುವುದಿಲ್ಲ. ಅದೊಂದು ಕಡೆ ಮಾತ್ರ ಜೋಗ.

ಹಿಂದೆ ನಮ್ಮ ಪುತ್ತೂರು, ಸುಳ್ಯದ ಕಡೆ ಅಡಿಕೆ ಮರ ಸೀಳಿ, ತಿರುಳು ಕೆತ್ತಿ, ನೀರು ಹರಿಯಲು ದಂಬೆಯಾಗಿ ಸೂರಿಗೆ ಕಟ್ಟುತ್ತಿದ್ದರು. ಅದು ಕುಂಬಾಗುತ್ತಿತ್ತು, ಬದಲಿಸಲಿಕ್ಕೆ ಮೇಲೆ ಹತ್ತಲೇಬೇಕಿತ್ತು. ಈಗ ಪಿವಿಸಿ ಪೈಪು ಸೀಳಿ ಕಟ್ಟುತ್ತೇವೆ. ಅದು ಕುಂಬಾಗುವುದಿಲ್ಲ, ಆದ್ದರಿಂದ ಯಾರೂ ಹತ್ತುವುದಿಲ್ಲ, ಆದ್ದರಿಂದ ಹಲಸಿನ ಎಲೆ, ಮಾವಿನ ಎಲೆ, ತೆಂಗಿನ ಹೂವು ಎಲ್ಲ ಅಲ್ಲೇ ಒಕ್ಕಲು ಕೂತು ಮಣ್ಣಾಗುತ್ತವೆ.

ನನಗೆ ಮಳೆಯ ತಿಳಿವಳಿಕೆ ಕಮ್ಮಿ ಎಂದು ಯಾರೂ ಹೇಳುವಂತಿಲ್ಲ. ನೂರು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಂದರೆ 100 ಲೀಟರ್ ನೀರು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಬರುತ್ತದೆ. ಅಂದರೆ ನಾಲ್ಕು ಲಕ್ಷ ಲೀಟರ್! ಈ ಲೆಕ್ಕವನ್ನು ನಾನು ಮದುವೆ ಊಟದ ಪಂಕ್ತಿಯಲ್ಲೂ ಹೇಳಿದ್ದೇನೆ. ಪಾಯಸಕ್ಕೆ ಮೊದಲೇ ಅಕ್ಕಪಕ್ಕದವರು ಎದ್ದು ಹೋದದ್ದು ಬೇರೆ ಕಾರಣಕ್ಕಿರಬೇಕು. ಅಷ್ಟು ನೀರನ್ನೂ ಇಂಗುಗುಂಡಿಗೆ ಇಳಿಸುತ್ತೇನೆಂದು ಕಳೆದ ವರ್ಷ ಇಳಿಪೈಪಿನ ಬಾಯಿಗೆ ನನ್ನದೇ ತಲೆಯಿಂದ ಒಂದು ಸೋಸುವ ವ್ಯವಸ್ಥೆಯನ್ನೂ ಮಾಡಿದ್ದೆ. ಅದರ ಸಂಗತಿ ಆಮೇಲೆ.

ಪತ್ತನಾಜೆಗೆ ಹತ್ತು ಹನಿಯಾದರೂ ಬೀಳಬೇಕು ಎಂಬುದು ತುಳುನಾಡಿನ ಲೆಕ್ಕ. ಮೇ 24-25ರ ಸುಮಾರಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ದಿನ ಅದು. ಅದು ಕಳೆದದ್ದೇ ತೋಟಕ್ಕೆ ಮದ್ದು ಬಿಡುವವರು ಬಂದರು. ಅವರಲ್ಲೊಬ್ಬರು ಸೂರು ನೋಡಿ, "ಸಂಜೆ ಹೋಗುವಾಗ ದಂಬೆ ಕ್ಲೀನ್ ಮಾಡಿಕೊಡ್ತೇನೆ ಅಣ್ಣ, ಹತ್ತು ನಿಮಿಷದ ಕೆಲಸ" ಎಂದರು. ಮುಗಿಲೆತ್ತರದ ಅಡಿಕೆ ಮರದಿಂದ ಮರಕ್ಕೆ ನೆಲ ಮುಟ್ಟದೆ ಹೋಗುವ ಮನುಷ್ಯ. ನಾನು ಉದಾರವಾಗಿ, "ಇಷ್ಟು ಸಣ್ಣದಕ್ಕೆ ನೀವು ಯಾಕೆ, ನಾನೇ ಮಾಡ್ತೇನೆ" ಎಂದೆ. ಒಳಗೆ ಹೆಂಡತಿ ಪಾತ್ರೆ ಇಟ್ಟ ಸದ್ದು ಸ್ವಲ್ಪ ಜೋರಾಗಿಯೇ ಕೇಳಿಸಿತು.

ಅವರು ಊಟಕ್ಕೆ ಹೋದ ಹೊತ್ತು ನೋಡಿ ಏಣಿ ತಂದೆ. ಏಣಿಯನ್ನು ಗೋಡೆಗೆ ಆನಿಸಬೇಕು. ನಾನು ದಂಬೆಗೇ ಆನಿಸಿದೆ. ಎರಡು ಮೆಟ್ಟಿಲು ಏರುವಷ್ಟರಲ್ಲಿ ದಂಬೆ 'ಕಟಕ್' ಎಂದು ಒಂದು ಕೊಕ್ಕೆ ಬಿಟ್ಟು ಮನೆಯ ಹೊರಗೆ ವಾಲಿತು. ಹತ್ತು ಅಡಿಗೆ ಒಂದು ಇಂಚು ಇಳಿಜಾರು ಬೇಕು ಎಂದು ಊರಿಗೆಲ್ಲ ಹೇಳಿದವನ ದಂಬೆಗೆ ಈಗ ಎರಡೂ ದಿಕ್ಕಿಗೆ ಇಳಿಜಾರು.

ಮೇಲೆ ತಲುಪಿ ಕೈ ಹಾಕಿದೆ. ಎಲೆಗಳು ಕೊಳೆತು ನರಗಳ ಬಲೆ ಮಾತ್ರ ಉಳಿದಿತ್ತು, ಅದರಡಿಯಲ್ಲಿ ಕಪ್ಪಗೆ, ತಣ್ಣಗೆ, ಬೆರಳ ಸಂದಿಯಲ್ಲಿ ಜಾರುವ ಮಣ್ಣು. ಅದರಲ್ಲಿ ಬೇರು ಬಿಟ್ಟು, ಎರಡು ಕೆಂಪು ಚಿಗುರು ಬಿಚ್ಚಿಕೊಂಡು ಒಂದು ಮಾವಿನ ಗಿಡ ನಿಂತಿತ್ತು. ನಾನು ನೆಲದಲ್ಲಿ ನೆಟ್ಟ ಕಸಿ ಗಿಡ ಒಂದೂ ಹಾಗೆ ಹಿಡಿದದ್ದಿಲ್ಲ. ಮಣ್ಣು ತುಂಬಲು ತೊಟ್ಟೆ ತರಲು ಮರೆತಿದ್ದೆ. ಇಳಿಯುವುದೆಲ್ಲಿ ಎಂದು ಬೊಗಸೆ ತುಂಬಿ ಹಿಂದೆ ನೋಡದೆ ಅಂಗಳಕ್ಕೆ ಎಸೆದೆ. ಅಂಗಳದಲ್ಲಿ ಚಾಪೆ ಇತ್ತು. ಚಾಪೆಯ ಮೇಲೆ ಅಮ್ಮ ಬೆಳಗಿನಿಂದ ತಟ್ಟಿದ ಹಲಸಿನ ಹಪ್ಪಳ ಇತ್ತು.

"ಕೊತ್ತಂಬರಿ ನಾನೇ ಹಾಕಿದ್ದೇನೆ ಮಗಾ, ನೀನು ಬೇರೆ ಹಾಕುವುದು ಬೇಡ" ಎಂದು ಅಮ್ಮ ಚಾಪೆ ಎಳೆದುಕೊಂಡರು. ಬೈದಿದ್ದರೆ ಒಳ್ಳೆಯದಿತ್ತು.

ಆ ನಾಚಿಕೆಯಲ್ಲಿ ಬೇಗ ಮುಗಿಸುವ ಎಂದು ಮಾಡಿನ ಮೇಲೇ ಹತ್ತಿದೆ. ಮಾವಿನ ಗೆಲ್ಲೊಂದು ಬಾಗಿ ದಂಬೆಗೆ ತಾಗಿತ್ತು, ಅಲ್ಲಿ ಎಲೆಗಳ ಉಂಡೆ. ಕಸ ಎಂದು ಹಿಡಿದು ಎಳೆದೆ. ಅದು ಚಗಳಿ ಇರುವೆಗಳ ಮನೆ. ಚಗಳಿ ಕಚ್ಚಿಸಿಕೊಂಡವರಿಗೆ ವಿವರಣೆ ಬೇಡ, ಕಚ್ಚಿಸಿಕೊಳ್ಳದವರಿಗೆ ಹೇಳಿದರೆ ಅರ್ಥವಾಗದು. ಅಂಗಿಯ ಒಳಗೆ ಇಡೀ ಸಂಸಾರ ಇಳಿಯಿತು. ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ ಆ ವರ್ಷ ಊರಲ್ಲಿ ಧಿಗಿಣ ಹಾಕಿದವನು ನಾನೊಬ್ಬನೇ. ಆ ಕುಣಿತಕ್ಕೆ ಏಣಿ ಜಾರಿ ಬಿತ್ತು. ದಾರಿಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ನಿಂತು, "ಎಂತ, ಹೆಂಚು ಕೈಯಾಡಿಸುದಾ?" ಎಂದರು. "ಹೌದು ಹೌದು" ಎಂದೆ, ಅಂಗಿಯೊಳಗೆ ಕೈ ಹಾಕಿಕೊಂಡೇ.

ಹೇಳಿದ ಮೇಲೆ ಕೈಯಾಡಿಸಬೇಕಲ್ಲ? ನಾಲ್ಕು ಹೆಜ್ಜೆ ಗಂಭೀರವಾಗಿ ನಡೆದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದಂದಿನಿಂದ ಮಂಗಳೂರು ಹೆಂಚು ಗಾಳಿ, ಮಳೆ, ಮಂಗ, ತೆಂಗಿನಕಾಯಿ ಏನೆಲ್ಲ ಕಂಡಿದೆ. ಆದರೆ ರೀಪು ನೋಡಿ ಕಾಲಿಡಬೇಕು, ಹೆಂಚಿನ ನಟ್ಟನಡುವೆ ಅಲ್ಲ. ನಾನಿಟ್ಟದ್ದು ನಟ್ಟನಡುವೆ. ಬಲಗಾಲು ಮೊಣಕಾಲಿನ ತನಕ ಅಡುಗೆಮನೆಗೆ ಇಳಿಯಿತು, ಉಳಿದ ನಾನು ಮಾಡಿನ ಮೇಲೆ ಕೂತೆ.

ಕೆಳಗೆ ಒಂದು ಕ್ಷಣ ಮೌನ. ಆಮೇಲೆ ಹೆಂಡತಿಯ ದನಿ: "ಕಾಲು ಆಚೆ ಈಚೆ ಆಡಿಸಬೇಡಿ, ಸಾರಿಗೆ ಧೂಳು ಬೀಳ್ತದೆ." ಸಾರು ಮುಚ್ಚಿ, ಒಲೆ ಸಣ್ಣ ಮಾಡಿ, ಆಮೇಲೆ ಬಂದು ಏಣಿ ಇಟ್ಟಳು. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಅವಳಿಗೆ ಗೊತ್ತು.

ಇಳಿದವನು ಸುಮ್ಮನಿರಬಹುದಿತ್ತು. ಆದರೆ ಇಳಿಪೈಪು ಇನ್ನೂ ಕಟ್ಟಿಕೊಂಡಿತ್ತು. ಬಿದಿರು ಕೋಲಿನಿಂದ ತಿವಿದದ್ದಕ್ಕೆ ಕಸ ಇನ್ನೂ ಒಳಗೆ ಹೋಗಿ ಬೆಂಡಿನಲ್ಲಿ ಬಿಗಿಯಾಗಿ ಕೂತಿತ್ತು. ಅಂಗಳದ ತುದಿಯಲ್ಲಿ ಮದ್ದು ಬಿಡುವ ಪಂಪು, ಪಕ್ಕದಲ್ಲಿ ಬ್ಯಾರೆಲ್ ಕಂಡಿತು. ಕೆಳಗಿನಿಂದ ಮೇಲಕ್ಕೆ ನೀರು ಹೊಡೆದರೆ? ಇಂಗುಗುಂಡಿಗೆ ಹೋಗುವ ಪೈಪು ಕಳಚಿ (ಅಷ್ಟು ಬುದ್ಧಿ ಇತ್ತು), ತುದಿಗೆ ಗನ್ನು ತೂರಿಸಿ, ಸುತ್ತ ಗೋಣಿ ಬಿಗಿದು, ಪಂಪು ಸ್ಟಾರ್ಟ್ ಮಾಡಿದೆ.

ಮೊದಲು ಪೈಪು ಗುರುಗುಟ್ಟಿತು. ಆಮೇಲೆ ಮೇಲಿನ ಬೆಂಡು ಹಾರಿತು. ಅದರ ಹಿಂದೆಯೇ ಕಸದ ಮುದ್ದೆಯೊಂದು ಆಕಾಶಕ್ಕೆ ಚಿಮ್ಮಿ, ಗಾಳಿಯಲ್ಲಿ ಬಿಚ್ಚಿಕೊಂಡು, ಬಟ್ಟೆ ಒಣಗಿಸುವ ಬಳ್ಳಿಯ ಮೇಲೆ ಚೊಕ್ಕವಾಗಿ ಕೂತಿತು. ನನ್ನ ಹಳೆಯ ಬನಿಯನ್ನು. ಅದೇ, ಕಳೆದ ವರ್ಷದ ಸೋಸುವ ವ್ಯವಸ್ಥೆ! ನಾಲ್ಕು ಲಕ್ಷ ಲೀಟರ್ ನೀರಿಗೆ ಅಡ್ಡ ನಿಂತದ್ದು ಹಲಸೂ ಅಲ್ಲ, ಮಾವೂ ಅಲ್ಲ.

ಗುಟ್ಟು ಬಯಲಾದ ಗಾಬರಿಯಲ್ಲಿ ಪಂಪು ನಿಲ್ಲಿಸಲು ಓಡಿದಾಗ ಗನ್ನು ಪೈಪಿನಿಂದ ಹೊರಬಂದು ಅಂಗಳದಲ್ಲಿ ಹೊರಳಾಡತೊಡಗಿತು. ಗೋಡೆಗೆ ಹೊಡೆಯಿತು, ಬಾಗಿಲಿಗೆ ಹೊಡೆಯಿತು, ನನಗೆ ಹೊಡೆಯಿತು. ಆಗಲೇ ಕಂಡದ್ದು, ನೀರಿನ ಬಣ್ಣ ನೀಲಿ. ಬ್ಯಾರೆಲಿನಲ್ಲಿದ್ದದ್ದು ನೀರಲ್ಲ, ಬೋರ್ಡೋ ದ್ರಾವಣ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಅಡಿಕೆಗೆ ಕೊಳೆರೋಗ ಬಾರದಿರಲೆಂದು ಗೊನೆಗೆ ಬಿಡುವ ಮದ್ದು. ನಮ್ಮಲ್ಲಿಯಂಥ ಮಳೆಗೂ ತೊಳೆದುಹೋಗದೆ ಅಂಟಿಕೊಂಡಿರುವುದೇ ಅದರ ಹೆಚ್ಚುಗಾರಿಕೆ. ಈ ಮಾಹಿತಿಯನ್ನೂ ನಾನು ಬೇರೊಂದು ಪಂಕ್ತಿಯಲ್ಲಿ ಹೇಳಿದ್ದೆ.

ಹೆಂಡತಿ ಹೊರಗೆ ಬಂದಳು. ಬೆಳ್ಳಗೆ ಸುಣ್ಣ ಹೊಡೆಸಿದ್ದ ಗೋಡೆ ನೋಡಿದಳು, ನನ್ನನ್ನು ನೋಡಿದಳು. "ಧಿಗಿಣ ಆಯಿತು, ಈಗ ಕೃಷ್ಣನ ವೇಷವಾ?" ಎಂದು ಬಕೆಟು ಕೈಗೆ ಕೊಟ್ಟಳು. ನಾನು ಮೂರು ಸಲ ಮಿಂದೆ. ಗೋಡೆಯನ್ನು ಉಜ್ಜಿದಷ್ಟೂ ನೀಲಿ ಹರಡಿತು.

ಊಟ ಮುಗಿಸಿ ಬಂದ ಮದ್ದಿನವರು ಅಂಗಳದಲ್ಲಿ ನಿಂತರು. ಖಾಲಿ ಬ್ಯಾರೆಲ್ ನೋಡಿದರು, ಗೋಡೆ ನೋಡಿದರು. ನಗು ಬಾರದ ಹಾಗೆ ಬಹಳ ಕಷ್ಟಪಟ್ಟು, "ಗೋಡೆಗೂ ಕೊಳೆರೋಗ ಬರ್ತದಾ ಅಣ್ಣ?" ಎಂದು ಕೇಳಿದರು.

"ಇಲ್ಲ, ಮುಂಜಾಗ್ರತೆಗೆ" ಎಂದೆ.