ನಲವತ್ತು ರೊಟ್ಟಿ, ಆರು ಊರು, ಹತ್ತು ದಿನ

ಹೊಲಕ್ಕೆ ಪಂಪ್‌ಸೆಟ್ ತಂದರೆ ಜೊತೆಗೊಂದು ಪುಸ್ತಕ ಬರುತ್ತದೆ. ಅದನ್ನು ನಮ್ಮ ಕಡೆ ಯಾರೂ ಓದುವುದಿಲ್ಲ. ದೇವರ ಫೋಟೋದ ಹಿಂದೆ ಸಿಕ್ಕಿಸಿ ಇಟ್ಟಿದ್ದು, ಮೋಟರು ಸುಟ್ಟ ಮೇಲೆ ತೆಗೆದು ನೋಡುತ್ತಾರೆ. ಈ ಕೈಪಿಡಿಯನ್ನೂ ಹಾಗೆಯೇ ಬಳಸತಕ್ಕದ್ದು. ಮೊದಲು ಯುರೋಪಿಗೆ ಹೋಗಿ ಬನ್ನಿ. ಆಮೇಲೆ ಕಟ್ಟೆಯ ಮೇಲೆ ಕಾಲು ಚಾಚಿ ಓದಿದರೆ ಒಂದೊಂದು ಸಾಲೂ ಅರ್ಥವಾಗುತ್ತದೆ.

ಯಂತ್ರದ ವಿವರ

ಮನುಷ್ಯ: ಒಬ್ಬನೇ. ತಯಾರಾದ ಊರು: ಚಂದ್ರಬಂಡ, ರಾಯಚೂರು ತಾಲೂಕು. ಬೆನ್ನಚೀಲ: ಒಂದು. ರಜೆ: ಹತ್ತು ದಿನ. ತಲುಪಬೇಕಾದ ಊರುಗಳು: ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಬರ್ಲಿನ್, ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್. ಹತ್ತರಲ್ಲಿ ಎರಡು ದಿನ ವಿಮಾನ ತಿನ್ನುತ್ತದೆ. ಒಂದೂರಿಂದ ಇನ್ನೊಂದೂರಿಗೆ ರೈಲಿನಲ್ಲಿ ಹೋಗುವುದಕ್ಕೆ ಎಲ್ಲ ಸೇರಿ ಇಪ್ಪತ್ತು ತಾಸಿನ ಆಸುಪಾಸು. ನಿದ್ದೆ, ಸ್ನಾನ, ದಾರಿ ತಪ್ಪುವುದು ಇವನ್ನು ಕಳೆದರೆ ಒಂದೊಂದು ರಾಜಧಾನಿಗೆ ಉಳಿಯುವುದು ನಮ್ಮೂರ ಸಂತೆಗೆ ಕೊಡುವಷ್ಟು ಹೊತ್ತು. ಸಂತೆಯಲ್ಲಾದರೂ ಒಂದು ಕಡೆ ಕುಳಿತು ಚಹಾ ಕುಡಿಯುತ್ತೇವೆ.

ಜೋಡಣೆಗೆ ಮೊದಲು: ವೀಸಾ

ಷೆಂಗೆನ್ ವೀಸಾ ಎನ್ನುವುದು ಒಂದೇ ಚೀಟಿಯಲ್ಲಿ ಈ ಆರೂ ದೇಶಗಳಿಗೆ ಬಾಗಿಲು ತೆಗೆಯುತ್ತದೆ. 180 ದಿನಗಳಲ್ಲಿ 90 ದಿನ ಇರಲು ಬಿಡುತ್ತದೆ, ನಾವು ಹತ್ತು ದಿನ ಕೇಳಿಕೊಂಡು ನಿಲ್ಲುತ್ತೇವೆ. ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ. ಕನಿಷ್ಠ 30,000 ಯೂರೋ ಖರ್ಚು ತುಂಬಿಕೊಡುವ ವೈದ್ಯಕೀಯ ವಿಮೆ ಬೇಕು. ಅಷ್ಟು ದುಡ್ಡಿಗೆ ನಮ್ಮ ಕಡೆ ಎಷ್ಟು ಎಕರೆ ಬರುತ್ತದೆಂದು ಅಪ್ಪ ಕೈಬೆರಳಲ್ಲಿ ಎಣಿಸಿ, ಎಣಿಕೆಯನ್ನು ಅರ್ಧಕ್ಕೇ ಬಿಟ್ಟರು.

ಅರ್ಜಿಯನ್ನು ಯಾವ ದೇಶಕ್ಕೆ ಕೊಡಬೇಕು? ಹೆಚ್ಚು ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೆ. ಎಲ್ಲ ಕಡೆ ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ನಾನು ಪ್ಯಾರಿಸ್‌ಗೆ ಒಂದು ರಾತ್ರಿ ಹೆಚ್ಚು ಕೊಟ್ಟಿದ್ದು ಐಫೆಲ್ ಗೋಪುರದ ಮೇಲಿನ ಮೋಹಕ್ಕಲ್ಲ, ಈ ಲೆಕ್ಕದ ತಕರಾರು ಬೇಡವೆಂದು.

ಇನ್ನು ‘ತಿರುಗಿ ಬರುತ್ತೀರಿ ಎಂಬುದಕ್ಕೆ ಆಧಾರ’. ನೌಕರಿಯ ಪತ್ರ, ಬ್ಯಾಂಕಿನ ಲೆಕ್ಕ ಸರಿ. ಜೊತೆಗೆ ಹೊಲದ ಪಹಣಿಯನ್ನು ಇಂಗ್ಲಿಷಿಗೆ ತಿರುಗಿಸಿ ಲಗತ್ತಿಸಿದೆ. ಹತ್ತಿ ಬಿಡಿಸುವ ಹೊತ್ತಿಗೆ ಮನೆಯಲ್ಲಿ ಇರದಿದ್ದರೆ ಅಪ್ಪ ಏನನ್ನುತ್ತಾರೆ ಎಂಬುದನ್ನು ತಿರುಗಿಸಲು ಆಗಲಿಲ್ಲ. ನಿಜವಾದ ಆಧಾರ ಅದೇ ಆಗಿತ್ತು.

ಪೆಟ್ಟಿಗೆಯಲ್ಲಿ ಏನೇನಿರಬೇಕು

ವಿಮಾನದೊಳಗೆ ಒಯ್ಯುವ ಚೀಲಕ್ಕೆ ಸಾಮಾನ್ಯವಾಗಿ ಏಳು ಕಿಲೋ ಮಿತಿ. ಯೂರಿಯಾ ಚೀಲ 45 ಕಿಲೋ ಇರುತ್ತದೆ. ಅದನ್ನು ಟ್ರಾಲಿಯಿಂದ ಇಳಿಸಿದ ಬೆನ್ನಿಗೆ ಏಳು ಕಿಲೋ ಯಾವ ಲೆಕ್ಕ ಎಂದುಕೊಂಡಿರಿ ತಾನೆ? ಯೂರಿಯಾ ಚೀಲವನ್ನು ಟ್ರಾಲಿಯಿಂದ ಮನೆಯ ಪಡಸಾಲೆವರೆಗೆ ಹೊರುತ್ತೇವೆ. ಇದನ್ನು ಆರು ರಾಜಧಾನಿಗಳ ಕಲ್ಲುಹಾಸಿನ ಬೀದಿಯಲ್ಲಿ ಹೊರಬೇಕು. ಪ್ರಾಗಿನ ಹಳೇ ಪೇಟೆಯಲ್ಲಿ ಏಳು ಕಿಲೋ ಎಪ್ಪತ್ತಾಗುತ್ತದೆ.

ಬಟ್ಟೆ ಎರಡು ಜೊತೆ ಸಾಕು. ಉಳಿದ ಜಾಗ ಅವ್ವನದು. ನನ್ನವ್ವ ನಲವತ್ತು ಖಡಕ್ ರೊಟ್ಟಿ ಬಡಿದು, ಹತ್ತತ್ತರಂತೆ ಕಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಜೊತೆಗಿಟ್ಟಳು.

“ಅಲ್ಲಿ ಊಟ ಸಿಗತೈತಿ ಅವ್ವ.”

“ಸಿಗತೈತಪ್ಪ, ಯಾರಿಲ್ಲ ಅಂದ್ರು? ಅದನ್ನ ತಿಂದ ಮ್ಯಾಲೆ ಇದನ್ನ ತಿನ್ನು.”

ಎಚ್ಚರಿಕೆ: ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ಹೋಗುವವರು ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ತುಪ್ಪದ ಡಬ್ಬಿ ಬಾಗಿಲಲ್ಲೇ ವಾಪಸಾಯಿತು. ಎಮ್ಮೆ ನಮ್ಮದು, ಹುಲ್ಲು ನಮ್ಮದು, ಕಾಯಿಸಿದ್ದು ತಾನು, ಬೇಡ ಅನ್ನಲು ಅವರ್‍ಯಾರು ಎಂದು ಅವ್ವ ಕೇಳಿದ್ದಕ್ಕೆ ಒಕ್ಕೂಟದ ನಿಯಮಗಳಲ್ಲಿ ಉತ್ತರವಿಲ್ಲ.

ಅಪ್ಪನದು ಇನ್ನೊಂದು ಬೇಡಿಕೆ. ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರಿನಲ್ಲಿ ಬಸವಣ್ಣನ ಮೂರ್ತಿ ಅನಾವರಣ ಆಗಿದ್ದು ಅವರಿಗೆ ಗೊತ್ತಿತ್ತು. “ಅಷ್ಟು ದೂರ ಹೊಂಟೀದಿ, ಹಂಗ ಕೈಮುಗದು ಬಾ.” ಲಂಡನ್ನಿಗೆ ಬೇರೆ ವೀಸಾ ಬೇಕೆಂದು ಹೇಳಿದೆ. ಬಸವಣ್ಣನ ಕಡೆ ಹೋಗಲಿಕ್ಕೂ ಚೀಟಿ ಕೇಳುವವರು ಇದ್ದಾರೆಯೇ ಎಂದು ಅವರು ಟವೆಲ್ ಕೊಡವಿ ಎದ್ದರು.

ತಾಲೀಮು

ಹೊಸ ಮೋಟರನ್ನು ಮೊದಲು ನೀರಿಲ್ಲದೆ ಓಡಿಸಬಾರದು. ಹಾಗೆಯೇ ಹೊಸ ಪ್ರವಾಸಿಯನ್ನು ನೇರ ಪ್ಯಾರಿಸ್ಸಿಗೆ ಬಿಡಬಾರದು. ಒಂದೇ ದಿನದಲ್ಲಿ ರಾಯಚೂರು, ಮಾನ್ವಿ, ದೇವದುರ್ಗ ಮುಗಿಸಿ ರಾತ್ರಿ ಕಡೇ ಬಸ್ಸಿಗೆ ಚಂದ್ರಬಂಡ ಸೇರಿದವನು ಮಾತ್ರ ಮುಂದಿನ ಹಂತಕ್ಕೆ ಅರ್ಹ.

ಬೆಳಗಿನ ತಂಪಿನಲ್ಲಿ ರಾಯಚೂರಿನ ಕೋಟೆ ಹತ್ತಿ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿ ಕಟ್ಟಿಸಿದ್ದು ಎಂದು ಹೇಳುವ ಶಾಸನ ಇರುವ ಕಲ್ಲು 41 ಅಡಿಗಿಂತಲೂ ಉದ್ದ. ಅಂಥ ಕಲ್ಲನ್ನು ಕೋಣಗಳು ಬಂಡಿಯ ಮೇಲೆ ಎಳೆದು ತರುವ ಚಿತ್ರವನ್ನೂ ಅಲ್ಲೇ ಗೋಡೆಗೆ ಕೊರೆದಿದ್ದಾರೆ. ಕೆಲಸ ಮಾಡಿದವರು ಕೆಲಸ ಹೇಗೆ ಮಾಡಿದೆವೆಂದು ಬರೆದಿಟ್ಟ ಚಿತ್ರ ಅದು. ಕೈಪಿಡಿ ಎಂದರೆ ಅದೇ, ಇದಲ್ಲ. ಸಾಲು ನಿಲ್ಲಬೇಕಿಲ್ಲ, ಹೊತ್ತು ಗೊತ್ತುಮಾಡಬೇಕಿಲ್ಲ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿ ಮೊನಾಲಿಸಾ ಚಿತ್ರ 77 ಸೆಂಟಿಮೀಟರ್ ಎತ್ತರ, 53 ಅಗಲ. ಅದನ್ನು ನೋಡಲು ತಾಸುಗಟ್ಟಲೆ ನಿಂತು, ಕೊನೆಗೆ ಮುಂದಿನವನ ಫೋನಿನ ಪರದೆಯಲ್ಲಿ ನೋಡಿ ಬಂದೆ. ಮಂಗಳವಾರ ಲೂವ್ರ್‌ಗೆ ರಜೆ. ಹತ್ತು ದಿನದ ಯೋಜನೆ ಹಾಕಿದವನಿಗೆ ಪ್ಯಾರಿಸ್ಸಿನಲ್ಲಿ ಮಂಗಳವಾರವೇ ಬರುತ್ತದೆ.

ಕೋಟೆ ಇಳಿದು ಏಕಮಿನಾರ್ ಮಸೀದಿಯ ಮಿನಾರನ್ನು ಕೆಳಗಿನಿಂದಲೇ ಕತ್ತೆತ್ತಿ ನೋಡಿ, ಒಗ್ಗರಣಿ ಮಿರ್ಚಿ ತಿಂದು, ಮಾನ್ವಿ ಬಸ್ಸು ಹಿಡಿಯಿರಿ. ಮಾನ್ವಿಯಲ್ಲಿ ಜಗನ್ನಾಥದಾಸರ ಮನೆ ನೋಡುವಾಗ ಒಂದು ಮಾತು ನೆನಪಿಡಿ: ಈ ಸೀಮೆಯಲ್ಲಿ ಬೆನ್ನಚೀಲವಿಲ್ಲದೆ ಒಂಟಿಯಾಗಿ ತಿರುಗಿದ ಹಿರಿಯರು ದಾಸರು. ಚೀಕಲಪರ್ವಿಯ ವಿಜಯದಾಸರು ಕಾಶಿಯವರೆಗೂ ಹೋಗಿಬಂದವರು. ತಂಬೂರಿಗೆ ತೂಕದ ಮಿತಿ ಇರಲಿಲ್ಲ, ನಾಳೆ ಎಲ್ಲಿ ಮಲಗಬೇಕೆಂದು ಮೂರು ತಿಂಗಳ ಮೊದಲೇ ದುಡ್ಡು ಕಟ್ಟುವ ಪೀಡೆಯೂ ಇರಲಿಲ್ಲ.

ಮಾನ್ವಿಯಿಂದ ದೇವದುರ್ಗ, ಅಲ್ಲಿಂದ ಗಬ್ಬೂರಿನ ಹಳೇ ಗುಡಿಗಳನ್ನು ಬಸ್ಸಿನ ಕಿಟಕಿಯಿಂದಲೇ ನೋಡುತ್ತ ರಾಯಚೂರು. ಇಳಿಯಬಾರದು. ಇಳಿದರೆ ಯೋಜನೆ ಕೆಡುತ್ತದೆ. ಗುಡಿಯನ್ನು ಕಿಟಕಿಯಿಂದ ನೋಡಿ ‘ನೋಡಿದೆ’ ಎಂದು ಹೇಳಲು ನಾಲಿಗೆ ತೊದಲದಿದ್ದರೆ ನೀವು ಯುರೋಪಿಗೆ ತಯಾರು.

ಒಂದು ವಿಷಯದಲ್ಲಿ ಮಾತ್ರ ತಾಲೀಮು ದಾರಿ ತಪ್ಪಿಸುತ್ತದೆ. ಇಲ್ಲಿ ಕಂಡಕ್ಟರ್ ನಿಮ್ಮನ್ನು ಹುಡುಕಿಕೊಂಡು ಬರುತ್ತಾನೆ. ಒಂಟಿ ಕಾಲಲ್ಲಿ ಫುಟ್‌ಬೋರ್ಡಿನಲ್ಲಿ ನೇತಾಡಿದರೂ ಕೈ ಚಾಚಿ ಟಿಕೆಟ್ ಕೊಡುತ್ತಾನೆ. ಅಲ್ಲಿ ಟಿಕೆಟ್ಟನ್ನು ನೀವೇ ಕೊಳ್ಳಬೇಕು. ಪ್ರಾಗಿನಲ್ಲಿ, ಬುಡಾಪೆಸ್ಟಿನಲ್ಲಿ ಕಾಗದದ ಟಿಕೆಟ್ಟನ್ನು ಸಣ್ಣ ಯಂತ್ರದ ಬಾಯಿಗೆ ಕೊಟ್ಟು ಮುದ್ರೆ ಹಾಕಿಸದಿದ್ದರೆ, ದುಡ್ಡು ಕೊಟ್ಟರೂ ನೀವು ಟಿಕೆಟ್ ಇಲ್ಲದವರೇ. ಆಮ್‌ಸ್ಟರ್‌ಡ್ಯಾಮಿನಲ್ಲಿ ಹತ್ತುವಾಗ ಕಾರ್ಡು ತೋರಿಸಿದಂತೆ ಇಳಿಯುವಾಗಲೂ ತೋರಿಸಬೇಕು. ಪ್ಯಾರಿಸ್ ಮೆಟ್ರೋದಲ್ಲಿ ಹೊರಬೀಳುವವರೆಗೂ ಟಿಕೆಟ್ ಜೊತೆಗಿರಬೇಕು. ತಪಾಸಣೆಯವರು ಮಾಮೂಲಿ ಬಟ್ಟೆಯಲ್ಲೂ ಬರುತ್ತಾರೆ, ಬಂದರೆ ಕನ್ನಡ ಕೇಳುವುದಿಲ್ಲ.

“ಅಲ್ಲಿ ಹೆಂಗಸರಿಗೆ ಬಸ್ ಫ್ರೀ ಇಲ್ಲೇನು?” ಎಂದು ಅವ್ವ ಫೋನಿನಲ್ಲಿ ಕೇಳಿದಳು. 2023ರ ಜೂನ್‌ನಿಂದ ಆಕೆ ದುಡ್ಡು ಕೊಟ್ಟು ಬಸ್ಸು ಹತ್ತಿಲ್ಲ. ಲಕ್ಸೆಂಬರ್ಗ್ ಎಂಬ ಪುಟ್ಟ ದೇಶದಲ್ಲಿ 2020ರಿಂದ ಬಸ್ಸು, ಟ್ರಾಮು, ರೈಲು ಎಲ್ಲ ಫ್ರೀ, ಗಂಡಸರಿಗೂ ಫ್ರೀ ಎಂದೆ. ಗಂಡಸರಿಗೆ ಯಾಕಂತೆ ಎಂದಳು.

ಚಾಲನೆ

ಹಾಸ್ಟೆಲ್ಲಿನಲ್ಲಿ ಒಂದು ಕೋಣೆಗೆ ಎಂಟು ಮಂಚ, ಒಂದರ ಮೇಲೊಂದು. ಗುರುವಾರ ಮಂತ್ರಾಲಯದ ಪಡಸಾಲೆಯಲ್ಲಿ ಮಲಗಿದ ಅನುಭವ ಇದ್ದವರಿಗೆ ಇದೇನೂ ಹೊಸದಲ್ಲ. ಗೊರಕೆಗೆ ದೇಶ ಭಾಷೆ ಇಲ್ಲ. ವ್ಯತ್ಯಾಸ ಒಂದೇ. ಮಂತ್ರಾಲಯದಲ್ಲಿ ಪಕ್ಕದವರು ಮೊದಲು ಯಾವೂರು, ಆಮೇಲೆ ಯಾರ ಪೈಕಿ ಎಂದು ಕೇಳಿ ಮುಗಿಸಿಯೇ ಮಲಗುತ್ತಾರೆ. ಇಲ್ಲಿ ಎಂಟು ಜನರೂ ಎಂಟು ಊರಿಗೆ ಅಲಾರಾಂ ಇಟ್ಟುಕೊಂಡು ಗೋಡೆಗೆ ಮುಖ ಮಾಡುತ್ತಾರೆ.

ಜೂನ್ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಹೊತ್ತು ಮುಳುಗುವಾಗ ರಾತ್ರಿ ಹತ್ತು ಗಂಟೆ ಸಮೀಪ. ದೀಪ ಹಚ್ಚಿದ ಮೇಲೆ ಉಣ್ಣುವ ರೂಢಿಯವರು ಹಸಿವಿನಿಂದ ಬಳಲುತ್ತಾರೆ. ಗಡಿಯಾರ ನೋಡಿ ಉಣ್ಣತಕ್ಕದ್ದು. ನಮ್ಮೂರ ಗಡಿಯಾರ ಬೇಸಿಗೆಯಲ್ಲಿ ಮೂರೂವರೆ ತಾಸು ಮುಂದಿರುತ್ತದೆ. ಸಂಜೆ ಏಳಕ್ಕೆ ನೀವು ಓಡುತ್ತಿರುವಾಗ ಊರಲ್ಲಿ ಹತ್ತೂವರೆ, ಅವ್ವ ಮಲಗುವ ಮುನ್ನ ಫೋನು ಮಾಡುತ್ತಾಳೆ. “ಊಟ ಆತಾ?” ಯೋಜನೆಯ ಹಾಳೆಯಲ್ಲಿ ಊಟಕ್ಕೆ ಹದಿನೈದು ನಿಮಿಷ ಇತ್ತು. ಆಯಿತು ಅವ್ವ.

ಶೌಚ: ಜರ್ಮನಿಯ ದೊಡ್ಡ ರೈಲು ನಿಲ್ದಾಣಗಳಲ್ಲಿ ದುಡ್ಡು. ಪ್ಯಾರಿಸ್ಸಿನ ಬೀದಿಬದಿಯ ಕೋಣೆಗಳು ಫ್ರೀ. ಒಬ್ಬರು ಹೊರಬಂದ ಮೇಲೆ ತಮ್ಮಷ್ಟಕ್ಕೆ ತೊಳೆದುಕೊಳ್ಳುತ್ತವೆ. ಆದ್ದರಿಂದ ಹಿಂದಿನವನ ಹಿಂದೆಯೇ ಅವಸರದಲ್ಲಿ ಒಳನುಗ್ಗಬಾರದು, ನಿಮ್ಮನ್ನೂ ತೊಳೆದೀತು. ಖಾಲಿ ನೀರಿನ ಬಾಟಲಿ ಸದಾ ಜೊತೆಗಿರಲಿ. ಯಾಕೆಂದು ಕೈಪಿಡಿಯಲ್ಲಿ ಬರೆಯಲಾಗುವುದಿಲ್ಲ.

ಇದೇ ಯಂತ್ರ, ಉಲ್ಟಾ ತಿರುಗಿದಾಗ

ನಾವು ಆ ಕಡೆ ಹೋಗುವುದಕ್ಕೆ ಎಷ್ಟೋ ಮೊದಲು ಅವರು ಈ ಕಡೆ ಬಂದಿದ್ದರು. ರಷ್ಯಾದ ತ್ವೇರ್ ಊರಿನ ಅಫನಾಸಿ ನಿಕಿತಿನ್ ಹದಿನೈದನೇ ಶತಮಾನದಲ್ಲಿ ವ್ಯಾಪಾರಕ್ಕೆಂದು ಹೊರಟು, ವೋಲ್ಗಾ ನದಿಯ ದಾರಿಯಲ್ಲೇ ಸರಕನ್ನೆಲ್ಲ ಕಳ್ಳರಿಗೆ ಒಪ್ಪಿಸಿ, ಒಂದು ಕುದುರೆ ಹೊಂದಿಸಿಕೊಂಡು ಸಮುದ್ರ ದಾಟಿ ಬಂದ. ಕುದುರೆ ಮಾರಿದ್ದು ಬೀದರಿನಲ್ಲಿ. ರಾಯಚೂರು ಸೀಮೆಯ ವಜ್ರದ ಮಾತು ಅವನ ಬರಹದಲ್ಲಿದೆ. ವರ್ಷಗಟ್ಟಲೆ ಇದ್ದು, ತಿರುಗಿ ಹೋಗುವಾಗ ಊರು ಮುಟ್ಟುವ ಮೊದಲೇ ಸ್ಮೊಲೆನ್ಸ್ಕ್ ಹತ್ತಿರ ಸತ್ತ. ವಿಮೆ ಇರಲಿಲ್ಲ.

1520ರಲ್ಲಿ ಕೃಷ್ಣದೇವರಾಯ ಇದೇ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದ್ದಾಗ ಪೋರ್ಚುಗೀಸ್ ವ್ಯಾಪಾರಿ ಕ್ರಿಸ್ತೋವಾನ್ ದೆ ಫಿಗೆರೆದೋ ಕುದುರೆ ಮಾರಲು ಬಂದವನು, ಜೊತೆಗಿದ್ದ ಇಪ್ಪತ್ತು ಬಂದೂಕಿನವರೊಂದಿಗೆ ಕೋಟೆಗೋಡೆಯ ಮೇಲಿನವರನ್ನು ಗುರಿಯಿಟ್ಟು ಉರುಳಿಸಿದನೆಂದು ಪೋರ್ಚುಗೀಸ್ ಪ್ರವಾಸಿ ನ್ಯೂನಿಜ್ ಬರೆಯುತ್ತಾನೆ. ಪ್ರವಾಸದ ಯೋಜನೆ ನಡುದಾರಿಯಲ್ಲಿ ಬದಲಾಗುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಸಿಕ್ಕಿಲ್ಲ.

ಯಂತ್ರ ನಿಂತುಹೋದರೆ

ತೊಂದರೆ: ತಪ್ಪು ರೈಲು. ಕಾರಣ: ನೀವೇ.

ಜರ್ಮನಿಯಲ್ಲಿ ಕೆಲವು ರೈಲುಗಳು ಜೋಡಿಯಾಗಿ ಹೊರಟು ನಡುದಾರಿಯಲ್ಲಿ ಅಣ್ಣತಮ್ಮಂದಿರ ಹೊಲದಂತೆ ಎರಡು ಪಾಲಾಗುತ್ತವೆ. ಮುಂದಿನ ಡಬ್ಬಿಗಳು ಒಂದೂರಿಗೆ, ಹಿಂದಿನವು ಇನ್ನೊಂದೂರಿಗೆ. ಫಲಕದಲ್ಲಿ ಸ್ಪಷ್ಟವಾಗಿ ಬರೆದಿತ್ತು. ನಾನು ಬೋಗಿಯ ಕಿಟಕಿಯಿಂದ ಊರಿನ ಫೋಟೋ ತೆಗೆಯುತ್ತಿದ್ದೆ. ನನ್ನ ಪಾಲು ನನ್ನನ್ನು ಹೆಸರು ಉಚ್ಚರಿಸಲಾಗದ ಸಣ್ಣ ನಿಲ್ದಾಣಕ್ಕೆ ತಂದು ಬಿಟ್ಟಿತು. ಮುಂದಿನ ರೈಲಿಗೆ ಎರಡು ತಾಸು.

ಪರಿಹಾರ: ಬೆಂಚು. ಮೊದಲ ಅರ್ಧ ತಾಸು ಯೋಜನೆಯ ಹಾಳೆ ತಿದ್ದಿದೆ, ಬರ್ಲಿನ್ನಿನಲ್ಲಿ ಒಂದು ಮ್ಯೂಸಿಯಂ ಹೊಡೆದುಹಾಕಿದೆ, ನದಿ ಹೊಡೆದುಹಾಕಿದೆ. ಆಮೇಲೆ ಹೊಡೆಯಲು ಏನೂ ಉಳಿಯದೆ ರೊಟ್ಟಿಯ ಗಂಟು ಬಿಚ್ಚಿದೆ. ನಿಲ್ದಾಣದ ಎದುರಿನ ಅಂಗಡಿಯಲ್ಲಿ ಉಳ್ಳಾಗಡ್ಡಿ ಸಿಕ್ಕಿತು, ಗುದ್ದಿ ಒಡೆದೆ. ಖಡಕ್ ರೊಟ್ಟಿ ಮುರಿದ ಸದ್ದಿಗೆ ಅದೇ ಬೆಂಚಿನ ಆ ತುದಿಯಲ್ಲಿದ್ದ ಮುದುಕರೊಬ್ಬರ ನಾಯಿ ಕಿವಿ ನಿಗುರಿಸಿತು. ಒಂದು ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಇಟ್ಟು ಅವರಿಗೆ ಚಾಚಿದೆ. ತಿಂದರು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, ಕೈ ಮತ್ತೆ ಚಾಚಿದರು. ಅವರಿಗೆ ಇಂಗ್ಲಿಷ್ ಬಾರದು, ನನಗೆ ಜರ್ಮನ್ ಬಾರದು. ತಮ್ಮ ಕೈಚೀಲದಿಂದ ಒಂದು ಸೇಬು ತೆಗೆದು ಕೊಟ್ಟು, ಛಾವಣಿಯ ತೊಲೆಯ ಕಡೆ ಬೆರಳು ತೋರಿಸಿದರು. ಕವಲುಬಾಲದ ಹಕ್ಕಿಗಳ ಗೂಡು, ಮಣ್ಣಿನವು, ಸಾಲಾಗಿ. ರೈಲು ಬಂದಾಗಲೆಲ್ಲ ಮರಿಗಳು ಒಳಸರಿದು, ಹೋದ ಮೇಲೆ ಬಾಯಿ ತೆರೆದುಕೊಂಡು ಹೊರಗೆ ಬರುತ್ತಿದ್ದವು. ಎಷ್ಟು ಗೂಡು ಎಂದು ಇಬ್ಬರೂ ಬೆರಳಲ್ಲಿ ಎಣಿಸಿದೆವು. ಅವರ ಲೆಕ್ಕ ಹನ್ನೊಂದು, ನನ್ನದು ಹತ್ತು. ಇನ್ನೊಮ್ಮೆ ಎಣಿಸುವಷ್ಟರಲ್ಲಿ ನನ್ನ ರೈಲು ಬಂತು.

ಬರ್ಲಿನ್ನಿನ ಬಗ್ಗೆ ಕೇಳಿದವರಿಗೆ ಫೋಟೋ ತೋರಿಸುತ್ತೇನೆ.

ವಾರಂಟಿ

ಬೆನ್ನಿಗೆ, ಬೂಟಿಗೆ, ನೆನಪಿಗೆ ವಾರಂಟಿ ಇಲ್ಲ. ಚೀಲದೊಳಗಿನ ಪದಾರ್ಥವನ್ನು ತಿರುಗಿ ಬಂದ ದಿನವೇ ಮನೆಯವರು ಪರೀಕ್ಷಿಸತಕ್ಕದ್ದು.

ಶಂಷಾಬಾದ್ ವಿಮಾನ ನಿಲ್ದಾಣದಲ್ಲಿ ಇಳಿದು, ರಾಯಚೂರು ಬಸ್ಟ್ಯಾಂಡಿನಲ್ಲಿ ಕಡೇ ಬಸ್ಸು ಹಿಡಿದು ಮನೆಗೆ ಬಂದಾಗ ರಾತ್ರಿಯಾಗಿತ್ತು. ಆರು ಊರಲ್ಲಿ ಓಡಿದವನನ್ನು ಆ ಬಸ್ಸು ಮುಕ್ಕಾಲು ತಾಸು ಸುಮ್ಮನೆ ನಿಂತು ಕಾಯಿಸಿತು, ಯಾರೂ ಗಡಿಯಾರ ನೋಡಲಿಲ್ಲ. ಅವ್ವ ಮಾತಿಲ್ಲದೆ ಚೀಲ ಬಿಚ್ಚಿ ರೊಟ್ಟಿ ಎಣಿಸಿದಳು. ಮುರಿದವನ್ನು ಜೋಡಿಸಿ ಜೋಡಿಸಿ ಎಣಿಸಿದಳು.

“ಮೂವತ್ತೊಂದ ಅದಾವ.”

“ಹೊತ್ತ ಸಿಗಲಿಲ್ಲ ಅವ್ವ.”

“ಒಂಬತ್ತು ತಿನ್ನಾಕ ಎಲ್ಲಿ ಹೊತ್ತು ಸಿಕ್ಕಿತ್ತು?”

ಬೆಂಚಿನ ವಿಷಯ ಹೇಳಿದೆ. ಮುದುಕರಿಗೆ ಎಷ್ಟು ಕೊಟ್ಟೆ ಎಂದು ಕೇಳಿದಳು. ಎರಡು. ನಾಯಿಗೆ? ಅರ್ಧ. ಹಕ್ಕಿಗೂಡು ಹತ್ತೋ ಹನ್ನೊಂದೋ ಎಂದಳು. ಗೊತ್ತಿಲ್ಲ ಎಂದೆ. ಆರು ದೇಶ ಸುತ್ತಿ ಬಂದ ರೊಟ್ಟಿಯನ್ನು ಬುಟ್ಟಿಗೆ ಸುರುವಿ, ಬೆಳಿಗ್ಗೆ ನೀರು ಚಿಮುಕಿಸಿ, ಉಳ್ಳಾಗಡ್ಡಿ ಕರಿಬೇವು ಹಾಕಿ ಒಗ್ಗರಣಿ ಮಾಡಿದಳು.