ಹಾಲು ಬಿಡಿಸುವ ಹಟ

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಮಳೆ ನಂಬಿ ಶೇಂಗಾ ಬಿತ್ತಿದವನಿಗಿಂತ ದೊಡ್ಡ ಆಶಾವಾದಿ ಒಬ್ಬನಿದ್ದಾನೆ: ಕರುವಿಗೆ ಹಾಲು ಬಿಡಿಸುತ್ತೇನೆಂದು ಹೊರಟವನು.

ಮೊದಲು ಮೂತಿಗೆ ಮುಳ್ಳಿನ ಕುಕ್ಕೆ ಕಟ್ಟುತ್ತಾನೆ. ಮುಳ್ಳು ಚುಚ್ಚಿದರೆ ತಾಯಿ ಕರುವನ್ನು ಒದೆಯಬೇಕು ಎಂಬುದು ಲೆಕ್ಕ. ತಾಯಿಯೇನೋ ಒದೆಯುತ್ತದೆ, ಹಾಲು ಕರೆಯಲು ಕೂತವನನ್ನು! ಕೆಚ್ಚಲಿಗೆ ಸಗಣಿ ಬಳಿದರೆ ಕರು ಒಂದು ಹೊತ್ತು ಮೂತಿ ತಿರುವಿ, ಮರುಹೊತ್ತಿಗೆ ಹೊಂದಿಕೊಂಡುಬಿಡುತ್ತದೆ. ತೊಳೆಯುವ ಕೆಲಸ ಮನೆಯಾಕೆಗೆ. ಬೇರೆ ಕಟ್ಟಿದರೆ ರಾತ್ರಿಯಿಡೀ ಅತ್ತಲಿಂದ ‘ಅಂಬಾ’, ಇತ್ತಲಿಂದ ‘ಅಂಬಾ’. “ಲೇ, ಹಗ್ಗ ಬಿಚ್ಚೋ, ಪಾಪ ಹತ್ತೀತು” ಎಂದು ಅಜ್ಜಿ ಎದ್ದು ಬಂದರೆ ಕಥೆ ಮುಗಿಯಿತು.

ಹಾಗಂತ ಕರುವನ್ನು ಪೂರ್ತಿ ದೂರವಿಟ್ಟರೂ ಕಷ್ಟ. ಕರು ಬಾಯಿ ಹಾಕದೆ ನಾಟಿ ಹಸು ಹಾಲು ಇಳಿಸುವುದಿಲ್ಲ. ಚಳ್ಳಕೆರೆಯ ಕಾವಲುಗಳಲ್ಲಿ ಮೇಯ್ದ ಅಮೃತಮಹಲ್ ತಳಿಯಂತೂ ಇನ್ನೂ ಬಿಗಿ. ಮೈಸೂರು ಒಡೆಯರ ಕಾಲದಲ್ಲಿ ಇದರ ಇಲಾಖೆ ‘ಬೆಣ್ಣೆ ಚಾವಡಿ’. ಟಿಪ್ಪು ಅದನ್ನು ಅಮೃತಮಹಲ್ ಮಾಡಿದ. ಆ ಎತ್ತುಗಳು ಫಿರಂಗಿ ಎಳೆದು ಹೆಸರು ಮಾಡಿದವು. ಹಸುಗಳು ತಂಬಿಗೆ ತುಂಬಿಸಿ ಹೆಸರು ಮಾಡಲಿಲ್ಲ. ಇದ್ದದ್ದನ್ನೆಲ್ಲ ಕರುವೇ ಕುಡಿದಿರಬೇಕು, ನನ್ನ ಅನುಮಾನ.

ಮೂರು ತಿಂಗಳಾಗಿ, ಹುಲ್ಲು ಮೆಲುಕು ಹಾಕುವುದು ಕಲಿತ ಮೇಲೆ ಬಿಡಿಸಿ ಎನ್ನುತ್ತಾರೆ ಪಶುವೈದ್ಯರು. ಬಿಡಿಸಿ. ಶೇಂಗಾ ಹಿಂಡಿ ಕೈಯಲ್ಲಿರಲಿ, ಹಗ್ಗ ಗಟ್ಟಿಯಿರಲಿ. ಅಜ್ಜಿಯನ್ನು ಮಾತ್ರ ಆ ವಾರ ಮಗಳ ಮನೆಗೆ ಕಳಿಸಿಬಿಡಿ.